ಬಿಳಿಗಾರ ಹಚ್ಚಿದ ಕಡೆ

ಹೆಂಡತಿಯ ತೋಳಿಗೆ ಹನಿಹನಿಯಾಗಿ ಇಳಿಯುತ್ತಿದ್ದ ಔಷಧಿಯನ್ನು ನೋಡುತ್ತ ಕೂತಿದ್ದ ಅಕ್ಕಸಾಲಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂಬುದೇ ತಿಳಿಯುತ್ತಿರಲಿಲ್ಲ. ತೊಡೆಯ ಮೇಲಿಟ್ಟರೆ ಬೇರೆ ಯಾರೋ ಕಾಯಲು ಕೊಟ್ಟುಹೋದ ಸಾಮಾನಿನಂತೆ ಕಾಣುತ್ತಿದ್ದವು. ಕಟ್ಟಿಕೊಂಡರೆ ಜಗಳಕ್ಕೆ ಬಂದವನ ಹಾಗೆ. ಮಂಚದ ಅಂಚು ಹಿಡಿದರೆ ನರ್ಸ್ ಬಂದು, "ಅಲ್ಲಿ ಮುಟ್ಟಬೇಡಿ ಅಜ್ಜ" ಅನ್ನುತ್ತಿದ್ದಳು. ಅಜ್ಜನಂತೆ! ತಲೆ ನರೆತದ್ದು ನಿಜ. ಆದರೆ ಸಾಸಿವೆಗಿಂತ ಸಣ್ಣ ಚಿನ್ನದ ಗುಂಡನ್ನು ಚಿಮಟದ ತುದಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಸರಿಯಾದ ಜಾಗದಲ್ಲಿ ಕೂರಿಸುವ ಕೈಗಳಿವು. ಇಲ್ಲಿ ಅವಕ್ಕೆ ಮೂರು ಕಾಸಿನ ಬೆಲೆಯಿರಲಿಲ್ಲ. ಹೆಂಡತಿಯ ಬಲಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಗಡ್ಡೆ ಕಾಣಿಸಿಕೊಂಡಾಗಿನಿಂದಲೂ ಅಷ್ಟೆ. ಒಮ್ಮೆ ಕೊಯ್ದರು, ಒಮ್ಮೆ ಕಿರಣ ಕೊಟ್ಟರು, ಅದು ಹೋದ ಹಾಗೆ ಮಾಡಿ ಮತ್ತೆ ಬಂತು. ಅಷ್ಟು ದಿನವೂ ಅವನು ಮಾಡಿದ ಕೆಲಸವೆಂದರೆ ಅವಳ ಚೀಲ ಹಿಡಿದುಕೊಂಡು ಬಾಗಿಲ ಹೊರಗೆ ನಿಂತದ್ದು. ಇನ್ನೊಂದು ಸಲ ಕೊಯ್ಯಲು ಬರುವುದಿಲ್ಲ, ಹಳೆಯ ಕಿರಣವನ್ನು ಇನ್ನೊಂದು ಸಲ ಕೊಡಲು ಬರುವುದಿಲ್ಲ, ಇದೊಂದು ಹೊಸ ವಿಧಾನವಿದೆ ಎಂದು ಡಾಕ್ಟರು ಹೇಳಿದ್ದರು. ಇದೇ ಕೊನೆಯದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬೇರೆ ದಾರಿಗಳ ಮಾತನ್ನು ಮಾತ್ರ ಎಲ್ಲರೂ ನಿಲ್ಲಿಸಿಬಿಟ್ಟಿದ್ದರು.

ಅವಳು ನಿದ್ದೆ ಮಾಡುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದಳು, ಅಷ್ಟೆ. ಬಸ್ಸಿನ ಕಂಡಕ್ಟರಾಗಿ ದುಡಿದವಳು. ಬೀದಿಯವರಿಗೆಲ್ಲ ಈಗಲೂ ಕಂಡಕ್ಟರಮ್ಮ. ಕಣ್ಣು ಮುಚ್ಚಿಕೊಂಡೇ ಬಸ್ಸಿನಲ್ಲಿ ಯಾರು ಟಿಕೇಟು ತೆಗೆದುಕೊಂಡಿಲ್ಲವೆಂದು ಹೇಳಬಲ್ಲಳು ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರಂತೆ. ಆ ಮುಚ್ಚಿದ ಕಣ್ಣು ಈಗ ತನ್ನನ್ನೇ ನೋಡುತ್ತಿದೆಯೇನೋ ಎಂದು ಅವನಿಗೆ ಅಳುಕಾಯಿತು. ಆದರೂ ಒಳಗೊಳಗೇ ಸಣ್ಣದೊಂದು ಹಿಗ್ಗು ಇತ್ತು. ಬೆಳಿಗ್ಗೆ ಮನೆಯಲ್ಲಿ ಅವಳು ನೀರು ಕುಡಿಯಲು ಹೋಗಿ ಮುಖ ಕಿವುಚಿದ್ದಳು; ಹಳೆಯ ಕಿರಣದ ದೆಸೆಯಿಂದ ಬಾಯಿ ಒಣಗಿ, ಕೆನ್ನೆಯ ಒಳಮೈಯಲ್ಲಿ, ನಾಲಿಗೆಯ ಅಂಚಿನಲ್ಲಿ ಹುಣ್ಣು. ಡಾಕ್ಟರು ಕೊಟ್ಟ ಮುಲಾಮು ಮುಗಿದಿತ್ತು. ಆಗ ಅವನಿಗೆ ಅಮ್ಮನ ನೆನಪಾಯಿತು. ಅವನು ಚಿಕ್ಕವನಿದ್ದಾಗ ಬಾಯಿ ಹುಣ್ಣಾದರೆ ಅಪ್ಪನ ಕೆಲಸದ ಮಣೆಯಿಂದ ಬೆಸುಗೆಗೆ ಬಳಸುವ ಬಿಳಿಗಾರದ ಒಂದು ಚೂರು ಕದ್ದು, ಕೆಂಡದ ಮೇಲೆ ಅರಳಿಸಿ, ಪುಡಿ ಮಾಡಿ, ಜೇನಿನಲ್ಲಿ ಕಲಸಿ ಕಿರುಬೆರಳಿನಿಂದ ಹಚ್ಚುತ್ತಿದ್ದಳು. ಅವನೂ ಹಾಗೇ ಮಾಡಿದ. ಅವಳು ಬಾಯಿ ತೆರೆದಳು. ಬೆರಳಿಗೆ ಅವಳ ಹಲ್ಲು ತಾಕಿತು. ಎಷ್ಟು ಕಾಲವಾಗಿತ್ತು ಅವಳನ್ನು ಹಾಗೆ ಮುಟ್ಟಿ! "ಏನ್ರೀ ಇದು?" ಎಂದದ್ದಕ್ಕೆ, "ಜೇನು ಕಣೇ" ಎಂದ. ನಿಮ್ಮ ಅಂಗಡಿ ಸಾಮಾನೆಲ್ಲ ನನ್ನ ಬಾಯಿಗೆ ತರಬೇಡಿ ಎಂದು ಬೈಯುತ್ತಾಳೆಂಬ ಭಯ. ಸ್ವಲ್ಪ ಹೊತ್ತಿಗೆ ಅವಳು ಮುಖ ಕಿವುಚದೆ ಒಂದು ಲೋಟ ನೀರು ಕುಡಿದಳು. ದಾರಿಯುದ್ದಕ್ಕೂ ಅವನು ಆ ಲೋಟವನ್ನೇ ನೆನೆಸಿಕೊಂಡು ಬಂದಿದ್ದ. ಇಲ್ಲಿ ಬಂದ ಮೇಲೆ ನರ್ಸ್, "ಬೇರೆ ಏನಾದ್ರೂ ಔಷಧಿ ಕೊಟ್ಟಿದ್ದೀರಾ ಇವತ್ತು?" ಎಂದು ಕೇಳಿದಾಗ ಇಲ್ಲವೆಂದ. ಅವನ ಪ್ರಕಾರ ಅದು ಸುಳ್ಳೂ ಅಲ್ಲ. ಬಿಳಿಗಾರವನ್ನು ಔಷಧಿ ಅನ್ನುವವರು ಯಾರು?

ಕ್ಯಾನ್ವಾಸ್ ಶೂ ಹಾಕಿದ ಹುಡುಗಿಯೊಬ್ಬಳು ಒಳಗೆ ಬಂದಳು. ಯಾರನ್ನೋ ನೋಡಲು ಬಂದು ದಾರಿ ತಪ್ಪಿರಬೇಕೆಂದುಕೊಂಡು ಅವನು, "ಈ ರೂಮಲ್ಲಮ್ಮ" ಎಂದ. "ಇದೇ ರೂಮು. ಕಿರಣದ ಲೆಕ್ಕ ಹಾಕೋಳು ನಾನೇ" ಎಂದು ಅವಳು ನಕ್ಕಳು. ಅವನ ಕಿವಿ ಬಿಸಿಯಾಯಿತು. ಹೆಂಡತಿ ಕಣ್ಣು ತೆರೆಯದೆಯೇ, "ಇವರಿಗೂ ಸ್ವಲ್ಪ ಬಿಡಿಸಿ ಹೇಳಿ ಮೇಡಂ. ಅರ್ಥ ಆಗದಿದ್ರೆ ಮನೆಗೆ ಹೋಗಿ ನನ್ನ ಪ್ರಾಣ ತಿಂತಾರೆ" ಎಂದಳು. ಗಡ್ಡೆ ಒತ್ತಿ ಒತ್ತಿ ಅವಳ ಮಾತು ಒಂದು ಬದಿಗೆ ವಾಲಿತ್ತು, ಆದರೆ ಮೊನಚು ಹೋಗಿರಲಿಲ್ಲ.

"ಈಗ ಒಳಗೆ ಹೋಗ್ತಿದೆಯಲ್ಲ, ಅದರಲ್ಲಿ ಬೋರಾನ್ ಇದೆ" ಎಂದಳು ಲೆಕ್ಕದ ಹುಡುಗಿ. "ಗಡ್ಡೆಗೆ ಹಸಿವು ಜಾಸ್ತಿ. ಒಳ್ಳೇ ಮಾಂಸಕ್ಕಿಂತ ಹೆಚ್ಚಾಗಿ ಇದನ್ನ ಎಳ್ಕೊಳ್ಳುತ್ತೆ. ಆಮೇಲೆ ನಾವು ನ್ಯೂಟ್ರಾನ್ ಅನ್ನೋ ಕಣಗಳನ್ನ ಬಿಡ್ತೀವಿ. ಬರೀ ಬೋರಾನ್ ಇದ್ರೆ ಏನೂ ಆಗಲ್ಲ. ಬರೀ ನ್ಯೂಟ್ರಾನ್ ಬಿದ್ರೂ ಅಂಥ ದೊಡ್ಡ ಹಾನಿ ಏನಿಲ್ಲ. ಎರಡೂ ಒಂದೇ ಕಡೆ ಸಿಕ್ಕಿದ್ರೆ ಮಾತ್ರ ಬೋರಾನ್ ಒಡೆದು ಎರಡು ಚೂರಾಗುತ್ತೆ. ಆ ಚೂರುಗಳು ತುಂಬ ದೂರ ಹಾರಲ್ಲ. ತಾವಿದ್ದ ಜೀವಕೋಶ ದಾಟೋಷ್ಟರಲ್ಲಿ ಸುಸ್ತಾಗಿ ನಿಂತುಬಿಡ್ತವೆ. ತಾವಿದ್ದ ಮನೆ ಸುಡ್ತವೆ, ಪಕ್ಕದ ಮನೆ ಮುಟ್ಟಲ್ಲ."

"ಅಂದ್ರೆ ಹಚ್ಚಿದ ಕಡೆ ಮಾತ್ರ ಓಡುತ್ತೆ" ಎಂದ ಅಕ್ಕಸಾಲಿ, ತನಗರಿವಿಲ್ಲದೆ.

"ಏನು?"

"ಬೆಸುಗೆ, ಮೇಡಂ. ಬಿಳಿಗಾರ ಹಚ್ಚಿದ ಕಡೆ ಮಾತ್ರ ಬೆಸುಗೆ ಓಡುತ್ತೆ. ಹಚ್ಚದೇ ಇರೋ ಕಡೆ ಎಷ್ಟು ಬೆಂಕಿ ಕೊಡಿ, ಗುಂಡಾಗಿ ಕೂತಿರುತ್ತೆ, ಜಪ್ಪಯ್ಯ ಅಂದ್ರೂ ಹರಿಯಲ್ಲ."

ಹುಡುಗಿ ಎರಡೂ ಕೈ ಎತ್ತಿ, "ಅಯ್ಯೋ, ಬಿಳಿಗಾರ! ಅದರೊಳಗಿರೋದೂ ಇದೇ ಕಣ್ರೀ! ಬೋರಾನ್! ನೀವು ದಿನಾ ಮುಟ್ಟೋದು!" ಎಂದು ಸಂಭ್ರಮಪಟ್ಟಳು. ಡ್ರಿಪ್ ನೋಡಿ, ಏನೋ ಬರೆದುಕೊಂಡು, ಶೂ ಸದ್ದಾಗದಂತೆ ಹೊರಟುಹೋದಳು.

ಅವನಿಗೆ ಮೊದಲು ಬಂದದ್ದು ಸಂತೋಷವೇ. ಮೀಸೆ ಮೂಡುವ ಮೊದಲಿಂದ ಬೆರಳಿಗೆ ಅಂಟಿಕೊಂಡು ಬಂದ ಬಿಳಿಗಾರ! ಕಲ್ಲಿನ ಮೇಲೆ ನೀರು ಹಾಕಿ ತೇಯ್ದರೆ ಹಾಲಾಗುವುದು, ಬೆಂಕಿ ತಾಕಿದೊಡನೆ ತನ್ನೊಳಗಿನ ನೀರನ್ನೆಲ್ಲ ಬಿಟ್ಟು ಉಬ್ಬಿ ಬಿಳಿ ಹೂವಾಗಿ ಅರಳುವುದು, ಇನ್ನೂ ಕಾಸಿದರೆ ಕುಸಿದು ಕರಗಿ ತಿಳಿಗಾಜಾಗಿ ಚಿನ್ನದ ಮೇಲೆ ಹರಡಿ, ಲೋಹದ ಕೊಳೆಯನ್ನೆಲ್ಲ ತಾನು ನುಂಗಿಕೊಂಡು, ಚಿನ್ನ ಚಿನ್ನವನ್ನು ಸೇರುವಂತೆ ಮಾಡಿ, ಕೊನೆಗೆ ಯಾರಿಗೂ ಬೇಡವಾಗಿ ತೊಳೆಸಿಕೊಂಡು ಹೋಗುವುದು. ಬೋರಾನ್, ಬೋರಾನ್ ಎಂದು ಡಾಕ್ಟರು ಅಷ್ಟು ಸಲ ಹೇಳುವಾಗ ಅವನು ಅದು ಯಾವುದೋ ಕಂಡರಿಯದ ಅತಿಥಿಯೆಂಬಂತೆ ತಲೆಯಾಡಿಸಿದ್ದ. ಅದು ತನ್ನ ಮಣೆಯ ಮೇಲೇ ಕೂತಿತ್ತು! ಹೆಂಡತಿಗೆ ಹೇಳೋಣವೆಂದು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ತನ್ನ ಕಿರುಬೆರಳು ನೋಡಿದ. ಉಗುರಿನ ಸಂದಿಯಲ್ಲಿ ಬೆಳ್ಳಗೆ ಒಂದಿಷ್ಟು ಪುಡಿ ಇನ್ನೂ ಇತ್ತು.

ಹಚ್ಚಿದ ಕಡೆ ಮಾತ್ರ ಓಡುತ್ತೆ. ಈಗಷ್ಟೇ ಅವನೇ ಹೇಳಿದ ಮಾತು. ಅವಳ ಕೆನ್ನೆಯ ಒಳಮೈ, ನಾಲಿಗೆಯ ಅಂಚು, ಹುಣ್ಣಾಗಿ ಬಾಯಿಬಿಟ್ಟ ಹಸಿ ಮಾಂಸ, ಎಲ್ಲವೂ ಗಡ್ಡೆಯ ಪಕ್ಕದಲ್ಲೇ, ಕಿರಣ ಹಾಯುವ ದಾರಿಯಲ್ಲೇ. ಅಪ್ಪ ಅವನಿಗೆ ಮೊದಲು ಕೊಟ್ಟ ಕೆಲಸ ಎಲೆ ಕೆತ್ತಿದ ಒಂದು ಪದಕಕ್ಕೆ ಕೊಂಡಿ ಕೂರಿಸುವುದು. ಗರಿಯ ತುದಿಯಿಂದ ಹಚ್ಚಬೇಕಾದ ಬಿಳಿಗಾರವನ್ನು ಅವನು ಧಾರಾಳವಾಗಿ ಬಳಿದಿದ್ದ. ಬೆಸುಗೆ ಎಲೆಯ ಮೇಲೆಲ್ಲ ಹರಿದು ನರಗಳನ್ನು ಮುಳುಗಿಸಿಬಿಟ್ಟಿತು. ಅಪ್ಪ ಬೈಯಲಿಲ್ಲ. "ಅದರ ಮೇಲೆ ಸಿಟ್ಟು ಮಾಡ್ಕೋಬೇಡ. ನೀನು ಕರೆದ ಕಡೆಗೇ ಹೋಗಿದೆ" ಎಂದಷ್ಟೇ ಹೇಳಿ ಎದ್ದುಹೋಗಿದ್ದರು. ಪದಕವನ್ನಾದರೆ ಕರಗಿಸಿ ಮತ್ತೆ ಮಾಡಬಹುದಿತ್ತು, ಮಾಡಿದರು ಕೂಡ. ಹೇಳಬೇಕು. ಹೇಳಿದರೆ? ಇವತ್ತು ಬೇಡ ಅನ್ನುತ್ತಾರೆ. ಔಷಧಿ ಆಗಲೇ ಅರ್ಧ ಒಳಗೆ ಹೋಗಿದೆ, ಅದು ದೇಹದಲ್ಲಿ ನಿಲ್ಲುವಂಥದ್ದಲ್ಲ. ಇನ್ನೊಮ್ಮೆ ಸರದಿ ಬರುವಷ್ಟರಲ್ಲಿ ಗಡ್ಡೆ ಕಾಯುತ್ತ ಕೂರುತ್ತದೆಯೇ? ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಬಾಯಿ ಬೆಂದರೂ ಕಿರಣದಿಂದಲೇ ಆಯಿತೆಂದುಕೊಳ್ಳುತ್ತಾರೆ. ಈ ಕೊನೆಯ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಅವನು ಎದ್ದು ನಿಂತ. "ಎಲ್ಲಿಗೆ?" ಎಂದಳು ಕಂಡಕ್ಟರಮ್ಮ, ಕಣ್ಣು ಮುಚ್ಚಿಕೊಂಡೇ. "ಬಂದೆ" ಎಂದ.

ಕಾರಿಡಾರಿನಲ್ಲಿ ನರ್ಸ್ ಅವನನ್ನು ತಡೆದು ಬಚ್ಚಲು ಎಡಗಡೆ ಎಂದು ತೋರಿಸಿದಳು. "ಅದಲ್ಲಮ್ಮ, ಬಿಳಿಗಾರ..." ಎಂದು ತೊದಲಿದ. ಅದು ಯಾರದೋ ಹೆಸರೆಂದುಕೊಂಡು ಅವಳು, "ಯಾವ ಡಾಕ್ಟ್ರು?" ಎಂದಳು. ಅವನಿಗೆ ಅಳು ಬರುವಂತಾಯಿತು. ಲೆಕ್ಕದ ಹುಡುಗಿ ಕಾಫಿ ಮೆಷಿನ್ನಿನ ಮುಂದೆ ನಿಂತಿದ್ದಳು. ಹತ್ತಿರ ಹೋಗಿ ಒಂದೇ ಉಸಿರಿಗೆ ಹೇಳಿಬಿಟ್ಟ: ಹುಣ್ಣು, ಜೇನು, ಅಮ್ಮ, ಬೆಳಿಗ್ಗೆ. ನಗುತ್ತಾಳೆಂದುಕೊಂಡಿದ್ದ, ಇಲ್ಲವೇ ಕಿರುಚುತ್ತಾಳೆಂದು. ಅವಳು ಎರಡೂ ಮಾಡಲಿಲ್ಲ. ಲೋಟ ಕೆಳಗಿಟ್ಟು, "ಎಷ್ಟು?" ಎಂದಳು. ಉಗುರಿನ ತುದಿ ತೋರಿಸಿದ. "ಎಲ್ಲೆಲ್ಲಿ?" ಬಾಯಲ್ಲಿ ಹೇಳಲು ಬರಲಿಲ್ಲ. ಹೋಗಿಬರುವವರೆಲ್ಲ ನೋಡುತ್ತಿರುವಂತೆ ಆ ಕಾರಿಡಾರಿನ ನಡುವೆ ಅವನು ತನ್ನ ಬಾಯಿಯನ್ನೇ ಅಗಲಿಸಿ, ಬೆರಳು ಹಾಕಿ, ಇಲ್ಲಿ, ಇಲ್ಲಿ ಎಂದು ತೋರಿಸಿದ. ಅವಳು ಬಗ್ಗಿ ನೋಡಿದಳು, ತನ್ನ ಪುಸ್ತಕದಲ್ಲಿ ಒಂದು ದವಡೆಯ ಚಿತ್ರ ಬರೆದು ಗುರುತು ಹಾಕಿಕೊಂಡಳು.

"ಸರಿ. ಬಾಯಿ ಚೆನ್ನಾಗಿ ತೊಳೆಸೋಣ. ಆಮೇಲೆ ಒಳಗಿಂದ ಒರೆಸಿ ತೆಗೆದು ಪರೀಕ್ಷೆಗೆ ಕಳಿಸ್ತೀನಿ, ರಕ್ತನೂ ಹೇಗೂ ಹೋಗುತ್ತೆ. ಕಮ್ಮಿ ಬಂದ್ರೆ ಮುಂದುವರೀತೀವಿ."

"ಜಾಸ್ತಿ ಬಂದ್ರೆ?"

"ಇವತ್ತು ನಿಲ್ಲಿಸ್ಬೇಕಾಗುತ್ತೆ." ಅವಳು ಮಾತು ಮರೆಸಲಿಲ್ಲ. "ನೀವು ಹೇಳಿದ್ದು ಒಳ್ಳೇದಾಯ್ತು. ಹೇಳದೇ ಇದ್ದಿದ್ರೆ ನನ್ನ ಲೆಕ್ಕದಲ್ಲಿ ಅದು ಬರ್ತಿರಲಿಲ್ಲ."

ಒಳಗೆ ಹೆಂಡತಿಯ ಬಾಯಿ ತೊಳೆಸುವ ಸದ್ದು ಕೇಳುತ್ತಿತ್ತು. ಮುಕ್ಕಳಿಸುವುದು, ಉಗುಳುವುದು, ಮತ್ತೆ ಮುಕ್ಕಳಿಸುವುದು. ಹುಣ್ಣಿಗೆ ನೀರು ತಾಕಿದಾಗಲೆಲ್ಲ ಒಂದು ಸಣ್ಣ ನರಳು. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ, ಒಳಗೆ ಹೋಗುವ ಧೈರ್ಯವಾಗಲಿಲ್ಲ. ಅಷ್ಟು ಮಾತಿನವಳು ಇದೆಲ್ಲ ಯಾಕೆ ಎಂದು ಯಾರನ್ನೂ ಕೇಳಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಪರೀಕ್ಷೆಯ ಫಲಿತಾಂಶ ಬರುವವರೆಗೆ ಹುಡುಗಿಯೂ ಅವನ ಪಕ್ಕದ ಕುರ್ಚಿಯಲ್ಲಿ ಬಂದು ಕೂತಳು. ಆರಿದ ಕಾಫಿಯ ಲೋಟವೊಂದನ್ನು ಅವನ ಕೈಗೂ ಕೊಟ್ಟಳು. ಸುಮ್ಮನೆ ಕೂರಲಾಗದೆ ಅವನೇ ಕೇಳಿದ: "ಅದು ಎಲ್ಲಿಂದ ಬರುತ್ತೆ ಮೇಡಂ? ನಮಗೆ ಗೊತ್ತಿರೋದು ಅಂಗಡಿ ತನಕ."

"ಒಣಗಿದ ಸರೋವರಗಳ ತಳದಿಂದ. ಬೆಟ್ಟದ ಬಿಸಿನೀರಲ್ಲಿ ಕರಗಿ ಬಂದು, ನೀರು ಆವಿಯಾದ ಮೇಲೆ ಹರಳಾಗಿ ಉಳಿಯುತ್ತೆ."

"ಅದಕ್ಕೂ ಮೊದಲು?"

ಅವಳು ಅವನತ್ತ ತಿರುಗಿ ನೋಡಿದಳು. "ಅದಕ್ಕೂ ಮೊದಲಾ? ನಿಮ್ಮ ಮೈಯಲ್ಲಿರೋ ಇದ್ದಿಲು ಅಂದ್ರೆ ಕಾರ್ಬನ್ನು, ಕಬ್ಬಿಣ, ಎಲ್ಲ ನಕ್ಷತ್ರಗಳ ಒಳಗೆ ಬೆಂದು ಬಂದಿದ್ದು. ಬೋರಾನ್ ಮಾತ್ರ ಹಾಗಲ್ಲ. ಅದನ್ನ ನಕ್ಷತ್ರದೊಳಗೆ ಹಾಕಿದ್ರೆ ಉಳಿಯಲ್ಲ, ಆ ಶಾಖಕ್ಕೆ ಹೊರಟೇಹೋಗುತ್ತೆ."

ಇಲ್ಲಿ ಅಕ್ಕಸಾಲಿಗೆ ಸ್ವಲ್ಪ ರೋಷ ಬಂತು. ಎಷ್ಟಾದರೂ ತನ್ನ ಸಾಮಾನು. "ಅದೆಂಗೆ ಮೇಡಂ? ಚಿನ್ನ ನೀರಾಗೋ ಶಾಖದಲ್ಲಿ ನಾನು ನೋಡಿದ್ದೀನಿ. ಕರಗುತ್ತೆ, ಗಾಜಾಗುತ್ತೆ, ಹೋಗಲ್ಲ."

"ನಿಮ್ಮ ಕುಲುಮೆ ತಣ್ಣಗಿದೆ" ಎಂದಳು ಹುಡುಗಿ.

ತಣ್ಣಗಿದೆ! ಹುಬ್ಬು ಸುಡಿಸಿಕೊಂಡು ಕೂತ ಕುಲುಮೆ! ಅವನಿಗೆ ನಗು ಬಂತು, ಬೆಳಗಿನಿಂದ ಮೊದಲ ಸಲ. ಅವಳೂ ನಕ್ಕು, ಮತ್ತೆ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ ಮುಂದುವರಿಸಿದಳು. ನಕ್ಷತ್ರ ನಕ್ಷತ್ರಗಳ ನಡುವೆ ಏನೂ ಇಲ್ಲದ ಜಾಗವಿದೆಯಂತೆ, ಊಹಿಸಲಾಗದಷ್ಟು ಚಳಿ, ಊಹಿಸಲಾಗದಷ್ಟು ಖಾಲಿ. ಅಲ್ಲಿ ಅಲ್ಲೊಂದು ಇಲ್ಲೊಂದು ಇದ್ದಿಲಿನ ಕಣವೋ, ನಾವು ಉಸಿರಾಡುವ ಗಾಳಿಯ ಕಣವೋ ಒಂಟಿಯಾಗಿ ತೇಲುತ್ತಿರುತ್ತದೆ. ಎಲ್ಲೋ ಯಾವುದೋ ನಕ್ಷತ್ರ ಸಿಡಿದಾಗ ಹೊರಟ ಒಂದು ಚೂರು, ಬೆಳಕಿನ ಬೆನ್ನು ಹತ್ತಿದ ಹಾಗೆ ಓಡಿಬರುತ್ತ, ಅದಕ್ಕೆ ಬಡಿಯುತ್ತದೆ. ಒಡೆಯುತ್ತದೆ. ಒಡೆದಾಗ ಉಳಿದ ತುಂಡೇ ಬೋರಾನ್. "ಬೆಂದು ಆಗಿದ್ದಲ್ಲ, ಒಡೆದು ಆಗಿದ್ದು. ಅದಕ್ಕೇ ಇಷ್ಟು ಕಮ್ಮಿ. ಭೂಮಿ ಹುಟ್ಟೋಕೂ ಮೊದಲು ಹಾಗೆ ಒಂದೊಂದೇ ಒಡೆದು ಒಡೆದು ಕೂಡಿದ್ದು. ನಿಮ್ಮ ಬಿಳಿಗಾರದ ಪುಡಿಯಲ್ಲಿರೋದೂ ಅದೇ, ಅವರ ಔಷಧಿಯಲ್ಲಿರೋದೂ ಅದೇ. ಇನ್ನೊಂದು ಗೊತ್ತಾ? ಆ ಕಿರಣದ ರೂಮಿನ ಗೋಡೆಯೊಳಗೂ ಅದನ್ನೇ ತುಂಬಿದ್ದೀವಿ. ನ್ಯೂಟ್ರಾನ್ ಈಚೆ ಬರದ ಹಾಗೆ ಹಿಡ್ಕೊಳ್ಳೋಕೆ."

ಅಕ್ಕಸಾಲಿ ಲೋಟ ಹಿಡಿದು ಕೂತೇ ಇದ್ದ. ಬೆಂಕಿಯಿಲ್ಲದೆ ಹುಟ್ಟಿದ್ದು ಎಂಬ ಮಾತೇ ಅವನ ತಲೆಗೆ ಹತ್ತುತ್ತಿರಲಿಲ್ಲ. ಅವನಿಗೆ ಗೊತ್ತಿದ್ದ ಲೋಕದಲ್ಲಿ ಬೆಲೆಯುಳ್ಳದ್ದೆಲ್ಲ ಬೆಂಕಿಯಿಂದಲೇ ಬರಬೇಕು. ಇದು ಕತ್ತಲಲ್ಲಿ, ಚಳಿಯಲ್ಲಿ, ಯಾರ ಕೈಯೂ ಇಲ್ಲದೆ, ಯಾರೂ ನೋಡದೆ, ಪೆಟ್ಟು ತಿಂದು ಹುಟ್ಟಿತ್ತು. ಹೆಂಡತಿಯ ಬಸ್ಸಿನ ದೀಪದ ಗಾಜಿನಲ್ಲೂ ಇತ್ತೋ ಏನೋ. ಭಾನುವಾರ ಮಧ್ಯಾಹ್ನ ಇಬ್ಬರೂ ಕೇರಂ ಆಡುವಾಗ ಬೋರ್ಡಿನ ಮೇಲೆ ಉದುರಿಸುವ ಪುಡಿಯಲ್ಲಿ? ಕೇಳಿದ. ಹೌದು, ಅದರಲ್ಲೂ ಇದೆ, ಹೂವು ಕಾಯಿಗಟ್ಟಬೇಕಾದರೆ ಗಿಡಕ್ಕೂ ಒಂದು ಚಿಟಿಕೆ ಬೇಕು ಎಂದಳು ಹುಡುಗಿ. ಪುಡಿ ಜಾಸ್ತಿ ಸುರಿದು ಕಾಯಿ ಸರ್ರನೆ ಜಾರುವಂತೆ ಮಾಡಿ, ರಾಣಿಯನ್ನು ಗುಂಡಿಗೆ ಕೆಡವಿ, "ಇಳೀರಿ ಇಳೀರಿ, ನಿಮ್ಮ ಸ್ಟಾಪು ಬಂತು" ಎಂದು ಅವನನ್ನು ಹಂಗಿಸುತ್ತಿದ್ದ ಹೆಂಡತಿಯ ಬೆರಳ ತುದಿಗೆ ಅಂಟಿದ್ದ ಬಿಳುಪು ಭೂಮಿಗಿಂತ ಹಳೆಯದು! ಇಷ್ಟು ದೊಡ್ಡದರ ನಡುವೆ ಒಂದು ಉಗುರ ತುದಿಯಷ್ಟನ್ನು ತಾನು ತಪ್ಪು ಜಾಗಕ್ಕೆ ಹಚ್ಚಿದ್ದ. ಅದರಿಂದ ಅವಳು ಉಳಿಯುವುದೋ ಬಿಡುವುದೋ ಎಂಬಂತಾಗಿತ್ತು. ಇಷ್ಟು ದೊಡ್ಡದು ಇಷ್ಟು ಚಿಕ್ಕದಕ್ಕೆ ಕಿವಿಗೊಡುತ್ತದೆಯೆಂಬುದೇ ಅವನಿಗೆ ಎಲ್ಲಕ್ಕಿಂತ ಭಯಂಕರವಾಗಿ ಕಂಡಿತು.

ಒಳಗಿಂದ ಯಾರೋ ಕರೆದರು. ಹುಡುಗಿ ಎದ್ದುಹೋದಳು. ವಾಪಸು ಬಂದಾಗ ಅವಳ ಮುಖ ನೋಡುವ ಧೈರ್ಯವಾಗದೆ ಶೂಗಳನ್ನೇ ನೋಡಿದ. ಶೂಗಳು ಬೇಗಬೇಗ ಬಂದವು. "ತೊಳೆದುಹೋಗಿದೆ. ಚೂರು ಉಳಿದಿದೆ, ಅಷ್ಟಕ್ಕೆ ನಾನು ಕಿರಣ ಬಿಡೋ ಹೊತ್ತು ಸ್ವಲ್ಪ ಕಮ್ಮಿ ಮಾಡಿದ್ದೀನಿ. ಡಾಕ್ಟ್ರು ಒಪ್ಪಿದ್ರು. ನಡೀರಿ."

ತಳ್ಳುಗಾಡಿಯ ಮೇಲೆ ಮಲಗಿಸಿಕೊಂಡು ಹೆಂಡತಿಯನ್ನು ಕರೆದೊಯ್ಯುವಾಗ ಅವನು ಪಕ್ಕದಲ್ಲೇ ನಡೆದ. ದಪ್ಪ ಬಾಗಿಲಿನ ಮುಂದೆ ಒಂದು ನಿಮಿಷ ನಿಲ್ಲಿಸಿದರು. ಈಗ ಹೇಳದಿದ್ದರೆ ಇನ್ನು ಯಾವಾಗ? "ಬೆಳಿಗ್ಗೆ ಹಚ್ಚಿದ್ದು ಬರೀ ಜೇನಲ್ಲ ಕಣೇ" ಎಂದ.

"ಗೊತ್ತು."

"ಗೊತ್ತಾ?"

"ಜೇನು ಸೋಪಿನ ಹಾಗೆ ಇರುತ್ತೇನ್ರೀ? ನಾಲಿಗೆ ಒಣಗಿದೆ, ಸತ್ತಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ದೆ? ಉಗಿದುಬಿಡೋದಲ್ವಾ?"

ಅವಳು ಮೊದಲ ಸಲ ಕಣ್ಣು ತೆರೆದು ಅವನನ್ನು ಪೂರ್ತಿ ನೋಡಿದಳು. "ಇಷ್ಟು ದಿನ ಚೀಲ ಹಿಡ್ಕೊಂಡು ಕಂಬದ ಥರ ನಿಂತಿದ್ರಿ. ನೋಡೋಕಾಗ್ತಿರಲಿಲ್ಲ ನಂಗೆ. ಇವತ್ತು ಹಚ್ಚುವಾಗ ನಿಮ್ಮ ಮುಖ ಹ್ಯಾಗಿತ್ತು ಗೊತ್ತಾ? ಹೊಸ ಉಂಗುರ ಮುಗಿಸಿದಾಗ ಇರುತ್ತಲ್ಲ, ಹಂಗೆ. ಹಚ್ಚಲಿ ಬಿಡು ಅಂತ ಅನ್ನಿಸ್ತು." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ದಣಿವಾಯಿತು. ಬಾಗಿಲು ತೆರೆಯಿತು, ಅವಳು ಒಳಗೆ ಹೋದಳು. ಮುಖಕ್ಕೆ ಅಳತೆಯ ಮುಖವಾಡ ಹಾಕಿ, ಅಲುಗದಂತೆ ಬಿಗಿದು, ಎಲ್ಲರೂ ಹೊರಗೆ ಬಂದರು. ಡಾಕ್ಟರೂ ಬಂದರು, ನರ್ಸೂ ಬಂದಳು. ಅವಳೊಬ್ಬಳೇ ಉಳಿದಳು.

ಹೊರಗಿನ ಕೋಣೆಯಲ್ಲಿ ಒಂದು ಪರದೆಯ ಮೇಲೆ ಅವಳು ಕಾಣುತ್ತಿದ್ದಳು. ಅವನು ಕಾದ. ಏನೋ ಬೆಳಕು ಬರುತ್ತದೆ, ಸದ್ದಾಗುತ್ತದೆ, ಕೊನೆಗೆ ಒಂದು ಬಣ್ಣವಾದರೂ ಬದಲಾಗುತ್ತದೆ ಎಂದುಕೊಂಡಿದ್ದ. "ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದ.

"ಆಗಲೇ ಶುರುವಾಗಿದೆ" ಎಂದಳು ಹುಡುಗಿ.

ಪರದೆಯ ಮೇಲೆ ಏನೂ ಬದಲಾಗಿರಲಿಲ್ಲ. ಒಂದು ಹೊದಿಕೆ, ಅದರಡಿ ಅವಳ ಉಸಿರು. ಅಲ್ಲಿ, ಆ ದವಡೆಯ ಮೂಲೆಯಲ್ಲಿ, ಕತ್ತಲಲ್ಲಿ ಒಡೆದು ಹುಟ್ಟಿ, ಯಾವ ಯಾವ ಸರೋವರದ ತಳದಲ್ಲೋ ಇಷ್ಟು ಕಾಲ ಕಾದು ಕೂತಿದ್ದ ಕಣಗಳು ಈಗ ಮತ್ತೊಮ್ಮೆ ಒಡೆಯುತ್ತಿದ್ದವು, ಒಂದೊಂದಾಗಿ ತಾವಿದ್ದ ಮನೆಯನ್ನು ಸುಡುತ್ತಿದ್ದವು. ಅವನಿಗೆ ಭಯವಾಯಿತು. ಬೆಳಗಿನ ಭಯದಂಥದ್ದಲ್ಲ ಇದು. ಇಷ್ಟು ದೊಡ್ಡ ಕೆಲಸ ಇಷ್ಟು ಮೌನವಾಗಿ ತನ್ನ ಹೆಂಡತಿಯ ಬಾಯಿಯ ಪಕ್ಕದಲ್ಲಿ ನಡೆಯುತ್ತಿದೆಯಲ್ಲ ಎಂದು ಬೆರಗಾಗಿ ಬಂದ ಭಯ.

"ಗಡ್ಡೆ ಹೋಗುತ್ತಾ ಮೇಡಂ?"

"ಗೊತ್ತಿಲ್ಲ. ಹೋಗಬಹುದು. ತಿಂಗಳುಗಟ್ಟಲೆ ಕಾಯಬೇಕು." ಅವಳು ಒಂದು ಗುಂಡಿಯನ್ನು ತೋರಿಸಿದಳು. "ಇದನ್ನ ಒತ್ತಿ ಮಾತಾಡಿದ್ರೆ ಅವರಿಗೆ ಕೇಳುತ್ತೆ. ವಾಪಸು ಮಾತಾಡೋಕೆ ಮಾತ್ರ ಅವರಿಗೆ ಆಗಲ್ಲ. ಅಲ್ಲಾಡಬಾರದು."

ಅವನು ಗುಂಡಿ ಒತ್ತಿದ. ಏನು ಹೇಳಬೇಕೋ ತೋಚಲಿಲ್ಲ. "ನಾನು ಕಣೇ" ಎಂದ. ಒಳಗೆ ಹೊದಿಕೆ ಮೇಲೆದ್ದು ಇಳಿಯಿತು. "ಶುರುವಾಗಿದೆಯಂತೆ. ಕೇಳು, ಇದು ಬೆಂಕಿಯಲ್ಲಿ ಹುಟ್ಟಿದ್ದಲ್ವಂತೆ. ನಕ್ಷತ್ರದಲ್ಲೂ ಉಳಿಯಲ್ವಂತೆ. ನಕ್ಷತ್ರ ನಕ್ಷತ್ರದ ನಡುವೆ ಖಾಲಿ ಜಾಗ ಇದೆಯಂತಲ್ಲ, ಅಲ್ಲಿ ಒಂದು ಕಣ ಸುಮ್ಮನೆ ತನ್ನಷ್ಟಕ್ಕೆ ತಾನು ಹೋಗ್ತಿರುತ್ತೆ..." ಅರ್ಧ ಮರೆತು, ಅರ್ಧ ತಾನೇ ಸೇರಿಸಿ, ಹಿಂದುಮುಂದು ಮಾಡಿ ಹೇಳುತ್ತಾ ಹೋದ. ಎಲ್ಲಿ ತಪ್ಪಿದರೂ ಹುಡುಗಿ ತಿದ್ದಲಿಲ್ಲ. ಮದುವೆಯಾದಾಗಿನಿಂದ ಅವನ ಮಾತಿಗೆ ಅವಳು ಅಡ್ಡ ಬಾಯಿ ಹಾಕದೆ ಕೇಳಿದ್ದು ಇದೇ ಮೊದಲು. ಆ ಮೌನವನ್ನು ತಡೆಯಲಾಗದೆ ಅವನು ಇನ್ನಷ್ಟು ಜೋರಾಗಿ ಹೇಳತೊಡಗಿದ.